ನಕ್ಷೆಯಿಲ್ಲದ ಮನೆಗೆ ಪ್ಲಂಬರ್ ಬಂದಾಗ

ನೆರೆ ಇಳಿದ ಮೇಲೆ ಕಾಶಿಯ ಶಿವಾಲದಲ್ಲಿ ಸುತ್ತಿಗೆ, ರೆಂಚುಗಳ ಸದ್ದು ಏಳುತ್ತದೆ. ನೂರು ವರ್ಷ ದಾಟಿದ ಗೋಡೆಯೊಳಗೆ ನೀರು ಎಲ್ಲೋ ಜಿನುಗುತ್ತಿದೆ; ಎಲ್ಲಿ ಎಂಬುದು ಮನೆಯೊಡೆಯನಿಗೂ ಗೊತ್ತಿಲ್ಲ. ಒಡೆಯುವ ಮೊದಲು ಹುಡುಕಬಲ್ಲ ಪ್ಲಂಬರ್ ಸಿಕ್ಕರೆ ಗೋಡೆಯೂ ಉಳಿದೀತು, ದುಡ್ಡೂ ಉಳಿದೀತು. ಆದರೆ ಹುಡುಕುವ ಕೆಲಸಕ್ಕೆ ಕೂಲಿ ಕೊಡುವ ರೂಢಿಯೇ ನಮ್ಮಲ್ಲಿಲ್ಲ!

ಭಾದ್ರಪದ ಮುಗಿಯುತ್ತ ಬಂದು ಗಂಗೆ ಇಳಿಯತೊಡಗಿದಾಗ ಶಿವಾಲ ಘಾಟಿನ ಮೆಟ್ಟಿಲುಗಳ ಮೇಲೆ ದಪ್ಪನೆಯ ಮೆಕ್ಕಲು ಮಣ್ಣು ಕೂತಿರುತ್ತದೆ. ನದಿಯ ನೀರನ್ನೇ ಪಂಪಿನಿಂದ ಎತ್ತಿ, ಪೈಪು ಹಿಡಿದು ಆ ಕೆಸರನ್ನು ಮತ್ತೆ ನದಿಗೇ ತೊಳೆದುಬಿಡುವ ಕೆಲಸ ದಿನಗಟ್ಟಲೆ ನಡೆಯುತ್ತದೆ. ಮೇಲಿನ ಗಲ್ಲಿಗಳಲ್ಲಿ ಗೋಡೆಗಳು ಬುಡದಿಂದ ಎದೆಮಟ್ಟದವರೆಗೆ ಕಪ್ಪಗೆ ಒದ್ದೆಯಾಗಿದ್ದು, ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿರುತ್ತದೆ.

ಆ ಹೊತ್ತಿಗೆ ಗಲ್ಲಿಯ ಬಾಯಿಯಲ್ಲಿ ಹೆಗಲಿಗೆ ಚೀಲ ಹಾಕಿದ ‘ನಲ್ ಮಿಸ್ತ್ರಿ’, ಅಂದರೆ ಪ್ಲಂಬರ್, ಕಾಣಿಸಿಕೊಳ್ಳುತ್ತಾನೆ. ಸೈಕಲ್ಲಿಗೆ ಕಟ್ಟಿ ತಂದ ಪೈಪನ್ನು ಮೊದಲ ತಿರುವಿನಲ್ಲೇ ಬಿಚ್ಚಿ ಹೆಗಲಿಗೇರಿಸಬೇಕು, ಎದುರಿಗೆ ಹಸುವೊಂದು ಬಂದರೆ ಅದು ದಾಟುವ ತನಕ ಗೋಡೆಗೆ ಒರಗಿ ನಿಲ್ಲಬೇಕು. ಪಿತೃಪಕ್ಷದ ಯಾತ್ರಿಕರು ಬಂದಿರುವ, ದೇವ ದೀಪಾವಳಿಗೆ ಇನ್ನಷ್ಟು ಜನ ಬರಲಿರುವ ನಡುವಿನ ಈ ಕೆಲವು ವಾರಗಳೇ ಶಿವಾಲದ ಹಳೆಯ ಮನೆಗಳಲ್ಲಿ ದುರಸ್ತಿಯ ಋತು.

ಅರಮನೆಯ ನೆರಳಿನ ಮೊಹಲ್ಲಾ

ಶಿವಾಲ ಕಾಶಿಯ ದಕ್ಷಿಣ ಭಾಗದಲ್ಲಿ, ಅಸ್ಸಿಗೂ ಕೇದಾರ ಘಾಟಿಗೂ ನಡುವೆ ಇರುವ ಮೊಹಲ್ಲಾ. ನದಿಗೆ ಮುಖಮಾಡಿ ನಿಂತ ಚೇತ್ ಸಿಂಗ್ ಕೋಟೆ ಇಲ್ಲಿನ ಗುರುತು. 1781ರ ಆಗಸ್ಟ್‌ನಲ್ಲಿ ವಾರೆನ್ ಹೇಸ್ಟಿಂಗ್ಸ್ ಬನಾರಸಿನ ರಾಜ ಚೇತ್ ಸಿಂಗನನ್ನು ಇಲ್ಲೇ ಬಂಧನದಲ್ಲಿಟ್ಟಾಗ ಕಾವಲಿನ ಸಿಪಾಯಿಗಳ ಮೇಲೆ ದಾಳಿ ನಡೆಯಿತು, ಗದ್ದಲದ ನಡುವೆ ರಾಜ ಕಿಟಕಿಯಿಂದ ಇಳಿದು ದೋಣಿಯೇರಿ ಪಾರಾದ. ಸನ್ಯಾಸಿಗಳ ನಿರಂಜನಿ, ಮಹಾನಿರ್ವಾಣಿ ಅಖಾಡಗಳೂ ಕೋಟೆಯ ಮಗ್ಗುಲಲ್ಲೇ ಇವೆ.

ಕನ್ನಡಿಗರಿಗೆ ಈ ಕಡೆ ಹೊಸದಲ್ಲ. ಶಿವಾಲ ಘಾಟಿನಿಂದ ಉತ್ತರಕ್ಕೆ ದಂಡಿ ಘಾಟು, ಹನುಮಾನ್ ಘಾಟುಗಳನ್ನು ದಾಟಿ ಹರಿಶ್ಚಂದ್ರ ಘಾಟನ್ನು ಮುಟ್ಟುವ ಮೊದಲು ಸಿಗುವುದೇ ಮೈಸೂರು ಸಂಸ್ಥಾನ ಕಟ್ಟಿಸಿದ, ಈಗ ಕರ್ನಾಟಕ ಘಾಟೆಂದು ಕರೆಯಲಾಗುವ ಸೋಪಾನ. ಕರ್ನಾಟಕ ಸರ್ಕಾರದ ಛತ್ರವೂ ಈ ಸುತ್ತಿನಲ್ಲೇ ಇದೆ. ದಕ್ಷಿಣದವರ ಪೌರೋಹಿತ್ಯದ ಮನೆಗಳು, ಮಠಗಳು, ಊಟ–ವಸತಿಯ ಮನೆಗಳು ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಒತ್ತೊತ್ತಾಗಿದ್ದು, ಶ್ರಾದ್ಧಕ್ಕೆ ಬಂದವರನ್ನು ತಮ್ಮ ಮನೆಯಲ್ಲೇ ಇಳಿಸಿಕೊಳ್ಳುವ ರೂಢಿ ಹಲವು ಕುಟುಂಬಗಳಲ್ಲಿ ತಲೆಮಾರುಗಳಿಂದ ಬಂದಿದೆ.

ನಾಲ್ಕು ಜನರ ಸಂಸಾರಕ್ಕೆ ಹಾಕಿಸಿದ ಅರ್ಧ ಇಂಚಿನ ಪೈಪು, ಒಂದೇ ಬೆಳಿಗ್ಗೆ ಇಪ್ಪತ್ತು ಜನರ ಸ್ನಾನಕ್ಕೆ ನೀರು ಕೊಡಬೇಕಾಗಿ ಬರುವುದು ಇಂಥ ಮನೆಗಳಲ್ಲೇ. ಸೋರಿಕೆಯ ಮೊದಲ ಲಕ್ಷಣ ಕಾಣಿಸುವುದೂ ಆ ಬೆಳಿಗ್ಗೆಯೇ, ಅದೂ ಕೆಳಗಿನ ಅಂತಸ್ತಿನ ದೇವರ ಕೋಣೆಯ ಛಾವಣಿಯಲ್ಲಿ.

ಸ್ನಾನಗೃಹವೇ ಇಲ್ಲದ ಮನೆ

ಇಲ್ಲಿನ ಹಳೆಯ ಮನೆಗಳ ರಚನೆಯನ್ನು ತಿಳಿಯದೆ ಅವುಗಳ ಪ್ಲಂಬಿಂಗನ್ನು, ಅಂದರೆ ನೀರನ್ನು ಒಳತರುವ ಮತ್ತು ಕೊಳಕು ನೀರನ್ನು ಹೊರಹಾಕುವ ಎರಡೂ ಏರ್ಪಾಡುಗಳನ್ನು, ತಿಳಿಯಲಾಗದು. ಲಖೌರಿ ಎನ್ನುವ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆಯಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆಗಳು, ಚುನಾರಿನ ಮರಳುಗಲ್ಲಿನ ಕಂಬ–ಚಪ್ಪಡಿಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ, ಇದು ಅವುಗಳ ಸಾಮಾನ್ಯ ಸ್ವರೂಪ.

ಅಂಥ ಮನೆಯನ್ನು ಕಟ್ಟಿದವನು ಸ್ನಾನಗೃಹವನ್ನು ಕಲ್ಪಿಸಿಯೇ ಇರಲಿಲ್ಲ. ಸ್ನಾನಕ್ಕೆ ಗಂಗೆಯಿತ್ತು, ಅಡುಗೆಗೆ ಬಾವಿಯಿತ್ತು, ಮಳೆಯ ನೀರು ಮಾಳಿಗೆಯಿಂದ ಅಂಗಳಕ್ಕೆ ಬಿದ್ದು ಕಲ್ಲಿನ ತೂಬಿನ ಮೂಲಕ ಗಲ್ಲಿಯ ಚರಂಡಿ ಸೇರುತ್ತಿತ್ತು. ಪಾಯಿಖಾನೆಯೆಂದರೆ ಹಿಂಬದಿಯ ಒಣ ಗುಂಡಿ. ಅದನ್ನು ಬಳಿದು ಹೊತ್ತೊಯ್ಯುವ ಹೊಣೆಯನ್ನು ಒಂದು ಜಾತಿಯ ಹೆಗಲಿಗೆ ಹೊರಿಸಿ ಉಳಿದವರು ಮೂಗು ಮುಚ್ಚಿಕೊಂಡಿದ್ದರು.

ಹೀಗಾಗಿ ಇಂದು ಕಾಣುವ ನಲ್ಲಿ, ಕಮೋಡು, ಗೀಸರುಗಳೆಲ್ಲ ಒಂದೊಂದು ತಲೆಮಾರು ತನ್ನ ಕಾಲಕ್ಕೆ ತಕ್ಕಂತೆ ಹೊರಗಿನಿಂದ ಸೇರಿಸಿದ ಪದರಗಳು. ತಾತ ಹಾಕಿಸಿದ ಎರಕದ ಕಬ್ಬಿಣದ ಕೊಳವೆ, ತಂದೆ ಹಾಕಿಸಿದ ಜಿಐ ಪೈಪು, ಮಗ ಹಾಕಿಸಿದ ಪ್ಲಾಸ್ಟಿಕ್ ಪೈಪು ಒಂದೇ ಗೋಡೆಯಲ್ಲಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಯಾವುದಕ್ಕೂ ನಕ್ಷೆಯಿಲ್ಲ, ಹಾಕಿದ ಮಿಸ್ತ್ರಿ ಬದುಕಿಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇನ್ನೂ ಉಳಿದಿರುವ ಹಳೆಯ ಮನೆಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ನಲ್ಲಿಯ ನೀರು ಬಂದ ದಾರಿ

ಕಾಶಿಗೆ ಕೊಳಾಯಿ ನೀರು ಬಂದದ್ದು 1892ರಲ್ಲಿ. ಶಿವಾಲಕ್ಕೆ ದಕ್ಷಿಣದಲ್ಲಿರುವ ಭದೈನಿಯಲ್ಲಿ ಗಂಗೆಯಿಂದ ನೀರೆತ್ತಿ, ಭೇಲುಪುರದ ಜಲಕಲ್ (ನೀರು ಸರಬರಾಜು) ಆವರಣದಲ್ಲಿ ತಿಳಿಗೊಳಿಸಿ, ಮರಳಿನ ಹಾಸುಗಳಲ್ಲಿ ಸೋಸಿ ಊರಿಗೆ ಹಂಚುವ ಏರ್ಪಾಡು ಅದು. ಬೆಂಗಳೂರಿಗೆ ಹೆಸರಘಟ್ಟದ ನೀರು ಹರಿದದ್ದು ಇದಾದ ನಾಲ್ಕು ವರ್ಷಕ್ಕೆ, 1896ರಲ್ಲಿ.

ಹೊಸ ನೀರನ್ನು ಊರು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಆಗ ನಲ್ಲಿಯ ತಿರುಪಿನೊಳಗೆ ನೀರನ್ನು ತಡೆಯುತ್ತಿದ್ದ ವಾಷರ್, ಅಂದರೆ ಲೋಹಕ್ಕೂ ಲೋಹಕ್ಕೂ ನಡುವೆ ಕೂರುವ ಬಿಲ್ಲೆ, ಚರ್ಮದ್ದಾಗಿತ್ತು. ಚರ್ಮಕ್ಕೆ ತಾಗಿ ಬಂದ ನೀರು ಮಡಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಕಲ್ಕತ್ತೆಯಿಂದ ಹಿಡಿದು ದಕ್ಷಿಣದ ಅಗ್ರಹಾರಗಳವರೆಗೆ ಎಲ್ಲೆಡೆ ಎದ್ದಿತ್ತು. ಪೂಜೆಗೆ ಬಾವಿಯ ನೀರು, ಉಳಿದದ್ದಕ್ಕೆಲ್ಲ ನಲ್ಲಿ ನೀರು ಎಂಬ ರಾಜಿ ಎಷ್ಟೋ ಮನೆಗಳಲ್ಲಿ ಬಹುಕಾಲ ನಡೆಯಿತು. ರಬ್ಬರಿನ ವಾಷರ್ ಬಂದ ಮೇಲೆ ಈ ಚರ್ಚೆ ಶಾಸ್ತ್ರದ ನೆರವಿಲ್ಲದೆಯೇ ತಣ್ಣಗಾಯಿತೆಂಬುದು ಗಮನಿಸಬೇಕಾದ ಸಂಗತಿ.

ಬಾಕ್ಸ್: ಪಂಪುಮನೆಗಾಗಿ ಗಲಭೆ
ಭದೈನಿಯ ಪಂಪುಮನೆಗೆ ಗೊತ್ತುಪಡಿಸಿದ ಜಾಗದಲ್ಲಿ ಒಂದು ರಾಮಮಂದಿರವಿತ್ತು. ಅದನ್ನು ಕೆಡವುತ್ತಾರೆಂಬ ಸುದ್ದಿ ಹಬ್ಬಿ 1891ರ ಏಪ್ರಿಲ್‌ನಲ್ಲಿ ಜನ ಸೇರಿ ಜಲಕಾರ್ಯದ ಯಂತ್ರಗಳನ್ನು ಮುರಿದರು. ಸಿಟ್ಟು ರೈಲು ನಿಲ್ದಾಣದವರೆಗೂ ಹಬ್ಬಿತು. ಧಾನ್ಯದ ಬೆಲೆಯೇರಿಕೆ ಮತ್ತು ಹೊಸ ತೆರಿಗೆಗಳ ಭಯವೂ ಆ ಸಿಟ್ಟಿನ ಹಿಂದಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಮರುವರ್ಷ ನಲ್ಲಿಗಳಲ್ಲಿ ನೀರು ಬಂದಿತು.

ಹೊರಹೋಗುವ ನೀರಿನ ಇತಿಹಾಸ ಇನ್ನೂ ಹಳೆಯದು, ಇನ್ನೂ ಮಸುಕಾದದ್ದು. ಟಂಕಸಾಲೆಯ ಅಧಿಕಾರಿಯಾಗಿ 1820ರಲ್ಲಿ ಕಾಶಿಗೆ ಬಂದು ಹತ್ತು ವರ್ಷ ಇದ್ದ ಜೇಮ್ಸ್ ಪ್ರಿನ್ಸೆಪ್, ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿ ಹೆಸರಾದವನು, ಊರಿನ ನಕ್ಷೆ ಬರೆದದ್ದಲ್ಲದೆ ನಿಂತ ನೀರನ್ನು ನದಿಗೆ ಹರಿಸುವ ಸುರಂಗ ಚರಂಡಿಯನ್ನೂ ಕಟ್ಟಿಸಿದ. ಮೊಗಲರ ಕಾಲದ್ದೆಂದು ಹೇಳಲಾಗುವ ‘ಶಾಹಿ ನಾಲಾ’ ಎಂಬ ಇಟ್ಟಿಗೆಯ ಸುರಂಗವಂತೂ ಜನವಸತಿಯ ಕೆಳಗೇ ಹಾದುಹೋಗಿದ್ದು, ಅದು ಎಲ್ಲೆಲ್ಲಿ ತಿರುಗುತ್ತದೆಂದು ತಿಳಿಯಲು ಇತ್ತೀಚಿನ ವರ್ಷಗಳಲ್ಲಿ ಕ್ಯಾಮೆರಾ ಹೊತ್ತ ಯಂತ್ರಗಳನ್ನು ಒಳಗೆ ಬಿಡಬೇಕಾಯಿತು. ಇಡೀ ನಗರಕ್ಕೇ ತನ್ನ ಚರಂಡಿಯ ನಕ್ಷೆ ಇಲ್ಲದಿರುವಾಗ ಒಂದು ಮನೆಯಲ್ಲಿ ಅದು ಇಲ್ಲದಿರುವುದಕ್ಕೆ ಮನೆಯವರನ್ನು ದೂರುವುದು ಹೇಗೆ?

ನೆರೆಯ ದಿನಗಳಲ್ಲಿ ಈ ಅಜ್ಞಾನಕ್ಕೆ ಬೆಲೆ ತೆರಬೇಕಾಗುತ್ತದೆ. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರು, 1978ರ ಸೆಪ್ಟೆಂಬರಿನಲ್ಲಿ ಅದು 73.901 ಮೀಟರಿಗೆ ಏರಿದ್ದೇ ಇಂದಿಗೂ ದಾಖಲೆ. ನದಿಯ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರಿದಾಗ ಹೊರಹೋಗಬೇಕಾದ ನೀರು ಹಿಂದಕ್ಕೆ ನುಗ್ಗಿ, ಘಾಟಿನಿಂದ ದೂರವಿರುವ ಮನೆಯ ನೆಲಮಾಳಿಗೆಯ ಕಮೋಡಿನಲ್ಲೂ ಉಕ್ಕಬಹುದು. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್–ರಿಟರ್ನ್ ವಾಲ್ವನ್ನು ಮನೆಯ ಚರಂಡಿ ಗಲ್ಲಿಯನ್ನು ಸೇರುವ ಕಡೆ ಕೂರಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಆ ಜಾಗ ಎಲ್ಲಿದೆಯೆಂದು ಮೊದಲು ಗೊತ್ತಾಗಬೇಕು.

ಗೋಡೆಯನ್ನು ಓದುವುದು

ಹಳೆಯ ಮನೆಯ ಪ್ಲಂಬಿಂಗ್ ದುರಸ್ತಿಯಲ್ಲಿ ನಿಜವಾಗಿ ಬೆಲೆಬಾಳುವುದು ಪೈಪು ಜೋಡಿಸುವ ಕೈಕೆಲಸಕ್ಕಿಂತ ಹೆಚ್ಚಾಗಿ, ತೇವದ ಮೂಲವನ್ನು ಗುರುತಿಸುವ ವಿವೇಚನೆ. ಗೋಡೆ ಒದ್ದೆಯಾಗಲು ನಾಲ್ಕು ಕಾರಣಗಳಿರಬಹುದು, ನಾಲ್ಕಕ್ಕೂ ಮದ್ದು ಬೇರೆ, ಮತ್ತು ನಾಲ್ಕರಲ್ಲಿ ಎರಡಕ್ಕೆ ಪ್ಲಂಬರೇ ಬೇಕಿಲ್ಲ.

ಮಳೆ ನಿಂತ ಕೆಲ ದಿನಗಳಿಗೆ ಒಣಗುವ ಕಲೆ ಮಾಳಿಗೆಯ ಬಿರುಕಿನದು. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಏರಿ, ಮೇಲಂಚಿನಲ್ಲಿ ಉಪ್ಪು ಬಿಟ್ಟು ನಿಂತ ತೇವ, ಭೂಮಿಯ ನೀರನ್ನು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ಮೇಲಕ್ಕೆ ಹೀರಿದ್ದರಿಂದ ಬಂದದ್ದು. ನೀರು ಆವಿಯಾಗಿ ಹೋದಲ್ಲಿ ಅದರೊಳಗಿನ ಲವಣ ಉಳಿಯುತ್ತದೆ. ಇವೆರಡೂ ಗಾರೆಯವನ ಕೆಲಸ.

ಹಗಲು ರಾತ್ರಿ, ಬೇಸಿಗೆ ಮಳೆಗಾಲ ಎನ್ನದೆ ಒಂದೇ ಸಮನಾಗಿರುವ ಒಸರು ಮಾತ್ರ ಒತ್ತಡದಲ್ಲಿರುವ ನೀರಿನ ಪೈಪಿನದು. ಮನೆಮಂದಿ ಸ್ನಾನ ಮಾಡಿದ ಒಂದೆರಡು ತಾಸಿಗೆ ಹೆಚ್ಚಾಗಿ, ಜನ ಊರಿಗೆ ಹೋದಾಗ ಕಡಿಮೆಯಾಗಿ, ಸಣ್ಣಗೆ ವಾಸನೆಯನ್ನೂ ಬೀರುವ ಕಲೆ ಹೊರಹೋಗುವ ಕೊಳವೆಯದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಗೆ ಯಂತ್ರವೇನೂ ಬೇಡ: ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ತುಂಬುವ ದಾರಿಯನ್ನೂ ಬಂದ್ ಮಾಡಿ, ಒಳಗೆ ನೀರಿನ ಮಟ್ಟಕ್ಕೆ ಗೆರೆಯೆಳೆದು, ಬೆಳಿಗ್ಗೆ ನೋಡಿದರಾಯಿತು. ಮಟ್ಟ ಇಳಿದಿದ್ದರೆ ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ದೋಷ. ಇಳಿಯದಿದ್ದರೆ ಬಚ್ಚಲಿನ ಜಾಲರಿಗೆ ಬಣ್ಣ ಕಲಸಿದ ನೀರು ಸುರಿದು ಕೆಳಗಿನ ಕೋಣೆಯ ಛಾವಣಿಯಲ್ಲಿ ಬಣ್ಣ ಕಾಣುವುದೇ ಎಂದು ಕಾಯಬೇಕು.

ಇಷ್ಟಕ್ಕೆ ಒಂದು ರಾತ್ರಿ, ಒಂದು ಹಗಲು ಬೇಕು. ಅಷ್ಟು ಹೊತ್ತು ಪ್ಲಂಬರ್ ಏನನ್ನೂ ಒಡೆದಿರುವುದಿಲ್ಲ, ಏನನ್ನೂ ಜೋಡಿಸಿರುವುದಿಲ್ಲ. ಸುಮ್ಮನೆ ನೋಡಿದ್ದಕ್ಕೆ ದುಡ್ಡೇಕೆ ಎನ್ನುವುದು ಮನೆಯವರ ಮಾತು. ವೈದ್ಯನಿಗೆ ನಾಡಿ ಹಿಡಿದದ್ದಕ್ಕೇ ದಕ್ಷಿಣೆ ಕೊಡುವ ಸಮಾಜ ಪ್ಲಂಬರ್‌ಗೆ ಮಾತ್ರ ಸುತ್ತಿಗೆ ಎತ್ತಿದ ಮೇಲೆಯೇ ಕೂಲಿಯ ಲೆಕ್ಕ ಹಿಡಿಯುವುದರಿಂದ, ಅವನೂ ಬೇಗ ಸುತ್ತಿಗೆ ಎತ್ತುವುದನ್ನೇ ಕಲಿಯುತ್ತಾನೆ. ಹಳೆಯ ಮನೆಗಳಲ್ಲಿ ಆಗುವ ವ್ಯರ್ಥ ಒಡೆತದಲ್ಲಿ ದೊಡ್ಡ ಪಾಲಿಗೆ ಕಾರಣ ಪ್ಲಂಬರ್‌ನ ಅಜ್ಞಾನವಲ್ಲ, ಈ ಲೆಕ್ಕಾಚಾರ. ನೋಡುವ ಕೆಲಸಕ್ಕೆ ಬೇರೆಯಾಗಿ ದಿನಗೂಲಿ ಕೊಟ್ಟು, ಮೂಲ ಎಲ್ಲಿದೆಯೆಂದು ಅವನು ಹೇಳಿದ ಮೇಲೆ ದುರಸ್ತಿಯ ಮಾತುಕತೆ ನಡೆಸುವುದು ಮೊದಲಿಗೆ ದುಬಾರಿಯೆನಿಸಿದರೂ ಕೊನೆಗೆ ಅಗ್ಗ.

ಎರಡನೆಯ ರೆಂಚು

ಒಳ್ಳೆಯ ಪ್ಲಂಬರ್‌ನನ್ನು ಗುರುತಿಸಲು ಅವನು ತುಕ್ಕು ಹಿಡಿದ ನಲ್ಲಿಯೊಂದನ್ನು ಬಿಚ್ಚುವುದನ್ನು ನೋಡಿದರೆ ಸಾಕು. ಜಿಐ ಪೈಪು, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಕೊಳವೆ, ಗೋಡೆಯಿಂದ ಹೊರಚಾಚುವ ಕಡೆ ಒಂದು ಚಿಕ್ಕ ನಿಪ್ಪಲ್, ಅಂದರೆ ಪೈಪಿನ ಗಿಡ್ಡ ತುಂಡು, ಇರುತ್ತದೆ. ಅದರ ಇನ್ನೊಂದು ತುದಿ ಗೋಡೆಯೊಳಗಿನ ಎಲ್ಬೋಗೆ, ಅಂದರೆ ಮೊಣಕೈಯಾಕಾರದ ತಿರುವಿಗೆ, ಮರೆಯಿಂದ (ತಿರುಪಿನ ಸುರುಳಿಗೆರೆಯಿಂದ) ಸಿಕ್ಕಿಸಿದ್ದು. ನಲ್ವತ್ತು ವರ್ಷದ ತುಕ್ಕಿನಲ್ಲಿ ನಲ್ಲಿ ಮತ್ತು ನಿಪ್ಪಲ್ ಒಂದೇ ಲೋಹದಂತೆ ಕಚ್ಚಿಕೊಂಡಿರುತ್ತವೆ.

ಅವಸರದವನು ಒಂದೇ ರೆಂಚನ್ನು ನಲ್ಲಿಗೆ ಹಾಕಿ ಮೈಭಾರವೆಲ್ಲ ಬಿಟ್ಟು ತಿರುಗಿಸುತ್ತಾನೆ. ನಲ್ಲಿ ಬಿಡುವುದಿಲ್ಲ, ಅದರ ಜೊತೆ ನಿಪ್ಪಲ್ ತಿರುಗಿ, ಗೋಡೆಯೊಳಗಿನ ಎಲ್ಬೋದ ಮರೆ ಸೀಳುತ್ತದೆ. ಹತ್ತು ನಿಮಿಷದ ವಾಷರ್ ಬದಲಾವಣೆ ಗೋಡೆ ಅಗೆಯುವ ಎರಡು ದಿನದ ಕೆಲಸವಾಗುವುದು ಆ ಒಂದು ‘ಕಟ್’ ಎಂಬ ಸದ್ದಿನಲ್ಲಿ.

ತಿಳಿದವನು ಹಿಂದಿನ ದಿನವೇ ಸೇರುವೆಗೆ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಎಣ್ಣೆಯನ್ನೋ ಬಿಟ್ಟು ಹೋಗಿರುತ್ತಾನೆ; ಮರುದಿನ ಸುತ್ತಲೂ ಮೆಲ್ಲಗೆ ತಟ್ಟಿ, ಒಂದು ರೆಂಚಿನಿಂದ ನಿಪ್ಪಲನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಲ್ಲಿಯನ್ನು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸುತ್ತಾನೆ. ಒಂದೇ ರೆಂಚು ತಂದವನನ್ನು ಹಳೆಯ ಮನೆಯ ಗೋಡೆಯ ಹತ್ತಿರ ಬಿಡದಿರುವುದು ಲೇಸು.

ತುಂಡರಿಸಿದ ಪೈಪಿನ ಬಾಯನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಒಳಗೆ ತುಕ್ಕು ಮತ್ತು ಸುಣ್ಣದ ಗಂಟುಗಳು ಬೆಳೆದು, ಅರ್ಧ ಇಂಚಿನ ಕೊಳವೆಯಲ್ಲಿ ಪೆನ್ಸಿಲು ತೂರುವಷ್ಟು ಜಾಗವೂ ಉಳಿದಿರುವುದಿಲ್ಲ. ನೀರು ಸಣ್ಣಗೆ ಬರುತ್ತದೆಂದು ಮನೆಯವರು ದೊಡ್ಡ ಮೋಟರು ಹಾಕಿಸುವುದು ಇಂಥ ಪೈಪಿಗೇ. ಹೆಚ್ಚಿದ ಒತ್ತಡ ಗಂಟನ್ನು ಕರಗಿಸುವುದಿಲ್ಲ, ಅತಿ ದುರ್ಬಲವಾದ ಸೇರುವೆಯನ್ನು ಹುಡುಕಿ ಸೀಳುತ್ತದೆ. ಅದನ್ನು ಸರಿಪಡಿಸಿದರೆ ಅದಕ್ಕಿಂತ ಸ್ವಲ್ಪ ಗಟ್ಟಿಯಾದದ್ದು ಮುಂದಿನ ತಿಂಗಳು ಸೀಳುತ್ತದೆ, ಆಗ ಬೈಗುಳ ಪ್ಲಂಬರ್‌ಗೆ.

ಬಾಕ್ಸ್: ಪೈಪಿನ ಮೇಲಿನ ಬಣ್ಣದ ಪಟ್ಟಿ
ಭಾರತೀಯ ಮಾನಕ 1239ರ ಪ್ರಕಾರ ಜಿಐ ಪೈಪುಗಳಲ್ಲಿ ಮೂರು ದರ್ಜೆ: ಹಳದಿ ಪಟ್ಟಿಯದು ತೆಳು, ನೀಲಿ ಪಟ್ಟಿಯದು ಮಧ್ಯಮ, ಕೆಂಪು ಪಟ್ಟಿಯದು ದಪ್ಪ. ಅಂಗಡಿಯವರು ಇವನ್ನೇ ಎ, ಬಿ, ಸಿ ಕ್ಲಾಸ್ ಎನ್ನುತ್ತಾರೆ. ದರ ಹೇಳುವಾಗ ‘ಜಿಐ ಪೈಪು’ ಎಂದಷ್ಟೇ ಬರೆದಿದ್ದರೆ ಯಾವ ಬಣ್ಣದ್ದು ಎಂದು ಕೇಳಿ ಬರೆಸಿಕೊಳ್ಳಬೇಕು. ಬಿಸಿ ಮತ್ತು ತಣ್ಣೀರು ಎರಡಕ್ಕೂ ಬಳಸುವ ಸಿಪಿವಿಸಿ ಪೈಪಿಗೆ ಮಾನಕದ ಸಂಖ್ಯೆ 15778.

ಗಲ್ಲಿ ಆರಿಸಿದ ಪೈಪು

ಕಬ್ಬಿಣದ ಪೈಪು ಸಾಮಾನ್ಯವಾಗಿ ಆರು ಮೀಟರಿನ ಉದ್ದದಲ್ಲಿ ಬರುತ್ತದೆ. ಅದನ್ನು ಶಿವಾಲದ ಗಲ್ಲಿಯ ತಿರುವಿನಲ್ಲಿ ತಿರುಗಿಸಲಾಗದೆ ಬಾಯಿಯಲ್ಲೇ ಕತ್ತರಿಸಿ ಒಯ್ದರೆ, ಕತ್ತರಿಸಿದ ಒಂದೊಂದು ತುದಿಗೂ ಡೈ ಹಾಕಿ ಮರೆ ಕೊರೆಯಬೇಕು, ಸಣಬಿನ ನೂಲು ಸುತ್ತಿ ಬಿಳಿಸೀಸದ ಬಣ್ಣ ಬಳಿದು ಬಿಗಿಯಬೇಕು. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಮೂರು ಮೀಟರಿನದು, ಹಗುರ, ಅಂಟು ದ್ರಾವಣದಿಂದ ಕೂಡುವಂಥದ್ದು. ಹಳೆಯ ಊರುಗಳಲ್ಲಿ ಅದು ಇಷ್ಟು ಬೇಗ ಗೆದ್ದದ್ದು ತುಕ್ಕು ಹಿಡಿಯದ ಗುಣಕ್ಕೆ ಎಷ್ಟೋ ಅಷ್ಟೇ ಗಲ್ಲಿಯ ತಿರುವಿಗೂ ಸಲ್ಲಬೇಕು.

ಅದರ ದೌರ್ಬಲ್ಯ ಕಬ್ಬಿಣವನ್ನು ಕೂಡುವ ಜಾಗದಲ್ಲಿದೆ. ಅಲ್ಲಿ ಹಿತ್ತಾಳೆಯ ಮರೆಯುಳ್ಳ ಅಡಾಪ್ಟರ್ ಹಾಕದೆ ಪ್ಲಾಸ್ಟಿಕ್ ಮರೆಯನ್ನೇ ಕಬ್ಬಿಣಕ್ಕೆ ಬಿಗಿದರೆ ಕೆಲವೇ ತಿಂಗಳಲ್ಲಿ ಬಿರುಕು ಬಿಡಬಹುದು. ಅಂಟು ಹಚ್ಚಿದ ಕೂಡಲೇ ನೀರು ಬಿಟ್ಟರೂ ಸೇರುವೆ ಕೆಡುತ್ತದೆ. ಮಾಳಿಗೆಯ ಮೇಲೆ ಬಿಸಿಲಿಗೆ ಬಿಟ್ಟ ಪೈಪು ಬಣ್ಣ ಬಳಿಯದಿದ್ದರೆ ಪೆಡಸಾಗುತ್ತದೆ.

ಹೊಸ ಮನೆಗಳಂತೆ ಇಲ್ಲೂ ಪೈಪನ್ನು ಗೋಡೆಯೊಳಗೆ ಹುದುಗಿಸಬೇಕೆಂಬ ಹಟ ಮಾತ್ರ ದುಬಾರಿಯಾದದ್ದು. ಲಖೌರಿ ಇಟ್ಟಿಗೆ ತೆಳು; ಕೊರೆಯುವ ಯಂತ್ರದಿಂದ ಗೋಡೆಯಲ್ಲಿ ತೋಡು ತೆಗೆದರೆ ಇಟ್ಟಿಗೆಗಳ ಹಿಡಿತ ಸಾಲಾಗಿ ತಪ್ಪಿ, ಸುಣ್ಣದ ಗಾರೆ ಪುಡಿಯಾಗಿ ಸುರಿಯುತ್ತದೆ. ಕ್ಲಾಂಪು ಹೊಡೆದು ಗೋಡೆಯ ಮೇಲೆಯೇ ಹಾಯಿಸಿದ ಪೈಪು ಕಣ್ಣಿಗೆ ಅಷ್ಟೇನೂ ಚೆಂದವಲ್ಲ, ಆದರೆ ಸೋರಿದರೆ ಸೋರಿದಲ್ಲೇ ಕಾಣುತ್ತದೆ.

ಟ್ಯಾಂಕಿನ ಮಾತೂ ಹಳೆಯ ಕಟ್ಟಡದ ಈ ಬಲಹೀನತೆಗೆ ಹೊಂದಿದ್ದು. ಸಾವಿರ ಲೀಟರು ನೀರೆಂದರೆ ಒಂದು ಟನ್ ತೂಕ. ಮರದ ತೊಲೆ ಮತ್ತು ಕಲ್ಲು ಚಪ್ಪಡಿಯ ಮಾಳಿಗೆಯ ನಟ್ಟನಡುವೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನು ಕೂರಿಸುವಾಗ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ. ದಪ್ಪ ಗೋಡೆಯ ನೆತ್ತಿಗೆ ಭಾರ ಬೀಳುವಂತೆ, ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ಬೇರೆ ಬೇರೆ ಮೂಲೆಯಲ್ಲಿ ಇಡಿಸುವ ಪ್ಲಂಬರ್ ಸಿಕ್ಕರೆ ಅವನನ್ನು ಬಿಡಬಾರದು.

‘ಟುಲ್ಲು’ ಎಂದು ಉತ್ತರಪ್ರದೇಶದಲ್ಲಿ ಎಲ್ಲರೂ ಕರೆಯುವ ಚಿಕ್ಕ ಮೋಟರನ್ನು ನೇರವಾಗಿ ಬೀದಿಯ ಕೊಳವೆಗೇ ಹಾಕಿ ನೀರೆಳೆಯುವ ಅಭ್ಯಾಸ ಇದಕ್ಕಿಂತಲೂ ಅಪಾಯಕಾರಿ. ಗಲ್ಲಿಯ ಹಾಸುಗಲ್ಲಿನ ಕೆಳಗೆ ಕುಡಿಯುವ ನೀರಿನ ಪೈಪೂ ಚರಂಡಿಯೂ ಮೈಗೆ ಮೈ ತಾಗಿಸಿಕೊಂಡಿರುತ್ತವೆ. ನೀರು ಬಿಡುವ ಹೊತ್ತು ಮುಗಿದು ಒತ್ತಡ ಇಳಿದಾಗ, ಅದರಲ್ಲೂ ಮೋಟರು ಹೀರಿದಾಗ, ಪೈಪಿನ ಸಂದಿನಿಂದ ಚರಂಡಿಯ ನೀರು ಒಳಸೇರುತ್ತದೆ. ಕಾಮಾಲೆಯ ಸುದ್ದಿ ಗಲ್ಲಿಯಿಂದ ಗಲ್ಲಿಗೆ ಹರಡುವುದು ಹೀಗೆ. ಕೆಳಗೊಂದು ಸಂಪು ಮಾಡಿ, ನೀರು ತಾನಾಗಿ ಅದಕ್ಕೆ ಬಿದ್ದ ಮೇಲೆ ಮೋಟರಿನಿಂದ ಎತ್ತುವುದು ಕ್ರಮ; ಬೀದಿಯ ಪೈಪಿಗೆ ಮನೆಯ ಪೈಪು ಕೂಡುವ ಹಿತ್ತಾಳೆಯ ಫೆರುಲ್ ಅನ್ನು ಮುಟ್ಟುವ ಅಧಿಕಾರವಂತೂ ಜಲಕಲ್ ಇಲಾಖೆಯದು, ಮನೆಗೆ ಬಂದ ಪ್ಲಂಬರ್‌ನದಲ್ಲ.

ಬಾಕ್ಸ್: ಪ್ಲಂಬರ್‌ಗಳ ತವರು
ದೇಶದ ದೊಡ್ಡ ನಗರಗಳಲ್ಲೆಲ್ಲ, ಬೆಂಗಳೂರಿನಲ್ಲಿ ಕೂಡ, ಪ್ಲಂಬಿಂಗ್ ಕೆಲಸದಲ್ಲಿ ಒಡಿಶಾದವರು ಬಹಳ. ಅವರಲ್ಲಿ ಹಲವರ ಊರು ಕೇಂದ್ರಪಾಡಾ ಜಿಲ್ಲೆಯಲ್ಲಿ. ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬಿಗೆಂದೇ ಸರ್ಕಾರದ ತರಬೇತಿ ಸಂಸ್ಥೆಯಿದೆ. ಕಲ್ಕತ್ತೆಯ ಪ್ಲಂಬಿಂಗ್ ಕಂಪನಿಗಳಿಗೆ ದುಡಿಯಲು ಹೋದವರಿಂದ ಆರಂಭವಾದ ಕಸುಬು ಬಂಧುಬಳಗದ ಮೂಲಕ ಹಬ್ಬಿತು. ಐಟಿಐಗಳಲ್ಲಿ ಪ್ಲಂಬರ್ ತರಬೇತಿಯ ಅವಧಿ ಒಂದು ವರ್ಷ.

ಮಾತು, ಲೆಕ್ಕ, ಚೀಟಿ

ಪ್ಲಂಬರ್‌ನ ಕೂಲಿ ಮೂರು ಬಗೆಯಲ್ಲಿ ಗೊತ್ತಾಗುತ್ತದೆ. ದಿನಗೂಲಿ ಒಂದು, ಇಡೀ ಕೆಲಸಕ್ಕೆ ಗುತ್ತಿಗೆ ಇನ್ನೊಂದು, ನಲ್ಲಿ, ಬೇಸಿನ್, ಕಮೋಡುಗಳ ಸಂಖ್ಯೆ ಎಣಿಸಿ ‘ಪಾಯಿಂಟಿಗೆ ಇಷ್ಟು’ ಎನ್ನುವುದು ಮತ್ತೊಂದು. ಪಾಯಿಂಟಿನ ಲೆಕ್ಕ ಹೊಸ ಮನೆಗೆ ಸರಿ. ಒಳಗೇನಿದೆಯೆಂದು ಯಾರಿಗೂ ತಿಳಿಯದ ಹಳೆಯ ಗೋಡೆಗೆ ಗುತ್ತಿಗೆ ಮಾತಾಡಿದರೆ ಇಬ್ಬರಲ್ಲಿ ಒಬ್ಬರು ಸೋಲುವುದು ಖಚಿತ, ಸೋತವನು ಪ್ಲಂಬರ್ ಆಗಿದ್ದರೆ ಅವನು ಸೇರುವೆಗಳಲ್ಲಿ ಆ ನಷ್ಟ ತುಂಬಿಕೊಳ್ಳುವುದೂ ಖಚಿತ. ನೋಡುವುದಕ್ಕೆ ದಿನಗೂಲಿ, ಕಂಡುಹಿಡಿದ ಮೇಲೆ ಗುತ್ತಿಗೆ ಎಂಬ ಎರಡು ಹಂತದ ಏರ್ಪಾಡೇ ಇಬ್ಬರಿಗೂ ನ್ಯಾಯ.

ಸಾಮಾನನ್ನು ಪ್ಲಂಬರ್ ತಂದರೆ ಅಂಗಡಿಯವನು ಅವನಿಗೆ ಕಮಿಷನ್ ಕೊಡುವುದು ಎಲ್ಲ ಊರಿನಲ್ಲೂ ಇರುವ ವಹಿವಾಟು. ಅದನ್ನು ತಪ್ಪಿಸಲು ಮನೆಯವರೇ ಅಂಗಡಿಗೆ ಹೋದರೆ ಒಂದು ಸಾಕೆಟ್ಟು ಕಡಿಮೆಯಾಗಿ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಪ್ಲಂಬರ್‌ನಿಂದ ಅಳತೆ ಸಹಿತ ಚೀಟಿ ಬರೆಸಿಕೊಂಡು, ಅವನನ್ನೂ ಜೊತೆಗೆ ಕರೆದೊಯ್ದು, ಬಿಲ್ಲನ್ನು ಮನೆಯವರ ಹೆಸರಿಗೆ ಮಾಡಿಸುವುದು ಮಧ್ಯದ ದಾರಿ.

ಚರಂಡಿ ಕಟ್ಟಿಕೊಂಡಾಗ ಮಾತ್ರ ಯಾವ ಮಾತುಕತೆಗೂ ಆಸ್ಪದವಿಲ್ಲ. ಸುರಕ್ಷತಾ ಸಾಧನಗಳಿಲ್ಲದೆ ಗುಂಡಿಗೆ ಮನುಷ್ಯನನ್ನು ಇಳಿಸುವುದು ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಇಳಿಸಿದವನು ಮನೆಯೊಡೆಯನೇ ಆಗಿದ್ದರೂ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದ ರಾಜ್ಯದಿಂದ ಬಂದ ಕನ್ನಡಿಗ ಕುಟುಂಬಗಳಿಗಾದರೂ ಇದನ್ನು ಬಿಡಿಸಿ ಹೇಳುವ ಅಗತ್ಯವಿರಬಾರದು.

ಪೈಪು ಯಾರ ಪಾಲಿನದು?

ಶಿವಾಲದಂಥ ಕಡೆ ಪ್ಲಂಬರ್ ಎದುರಿಸುವ ಅತಿ ಕಠಿಣ ತಡೆ ಗೋಡೆಯಲ್ಲ, ಗೋಡೆಯ ಒಡೆತನ. ಅಣ್ಣತಮ್ಮಂದಿರ ಮಕ್ಕಳು ಮನೆಯನ್ನು ಕೋಣೆಗಳಾಗಿ ಹಂಚಿಕೊಂಡಿರುತ್ತಾರೆ. ಪೈಪನ್ನು ಮಾತ್ರ ಯಾರೂ ಹಂಚಿಕೊಂಡಿರುವುದಿಲ್ಲ. ಮೂರನೆಯ ಅಂತಸ್ತಿನವರ ಕೊಳವೆ ಎರಡನೆಯ ಅಂತಸ್ತಿನವರ ಅಡುಗೆಮನೆಯ ಗೋಡೆಯೊಳಗೆ ಸೋರಿ, ನೆಲದಂತಸ್ತಿನ ಹಳೆಯ ಬಾಡಿಗೆದಾರನ ಅಂಗಡಿಯ ಮೇಲೆ ತೊಟ್ಟಿಕ್ಕುವಾಗ ಬೀಗ ಒಬ್ಬರದು, ಖರ್ಚು ಇನ್ನೊಬ್ಬರದು, ತೊಂದರೆ ಮತ್ತೊಬ್ಬರದು.

ಒಬ್ಬ ಪಾಲುದಾರ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರಂತೂ ದುರಸ್ತಿ ವಾಟ್ಸ್‌ಆಪ್ ವಿಡಿಯೋದಲ್ಲಿ ನಡೆಯುತ್ತದೆ. ‘ಭೈಯಾ, ಜರಾ ಊಪರ್ ದಿಖಾಯಿಯೇ’ ಎಂದು ಹಿಂದಿಯಲ್ಲೂ, ‘ಅಲ್ಲ ಕಣೋ, ಆ ಮೂಲೇಲಿ ತಾತನ ಕಾಲದ್ದೊಂದು ತೂಬಿತ್ತು, ಅದನ್ನ ಕೇಳು’ ಎಂದು ತಮ್ಮನಿಗೆ ಕನ್ನಡದಲ್ಲೂ ಸೂಚನೆ ಹೋಗುತ್ತಿರುತ್ತದೆ. ಇದು ನಗೆಯ ವಿಷಯವೆನಿಸಿದರೂ ಆ ತೂಬಿನ ನೆನಪೇ ಮನೆಗಿರುವ ಏಕೈಕ ನಕ್ಷೆ. ಹಿರಿಯರಿಗೆ ಫೋನು ಮಾಡಿ ಎಲ್ಲಿ ಬಾವಿಯಿತ್ತು, ಎಲ್ಲಿ ಮುಚ್ಚಿದರು, ಹಳೆಯ ಪಾಯಿಖಾನೆ ಯಾವ ಕಡೆಗಿತ್ತು ಎಂದು ಕೇಳಿದ ಮೇಲೆಯೇ ಕೆಲಸ ಹಿಡಿಯುವ ಮಿಸ್ತ್ರಿಗಳೂ ಇದ್ದಾರೆ.

ಹೊಸ ಪೈಪು ಹಾಯಿಸಿದ ಮೇಲೆ ಮುಚ್ಚುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆದು, ಮನೆಯ ಎಲ್ಲ ಪಾಲುದಾರರಿಗೂ ಕಳಿಸುವುದು ಖರ್ಚಿಲ್ಲದ ಕೆಲಸ. ನೀರು ತುಂಬಿ, ಒತ್ತಡದಲ್ಲಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸೇರುವೆಗಳಿಗೆ ಕೈಯಾಡಿಸಿ ನೋಡಿದ ಮೇಲೆಯೇ ಗಾರೆಯವನನ್ನು ಕರೆಯಬೇಕು.

ಋತುವಿನ ಒತ್ತಡ ಬೀಳುವುದು ಈ ಕೊನೆಯ ಹಂತದ ಮೇಲೆಯೇ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಸರಿ; ಅದು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಆದರೆ ಒಣಗಿ ಬಣ್ಣಕ್ಕೆ ಸಿದ್ಧವಾಗಲು ವಾರಗಳು ಬೇಕು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ಕೋಣೆಗಳನ್ನು ಬಾಡಿಗೆಗೆ ಒಪ್ಪಿಕೊಂಡಿರುವ ಮನೆಯವರಿಗೆ ಅಷ್ಟು ಪುರಸೊತ್ತಿಲ್ಲ. ಬೇಗ ಗಟ್ಟಿಯಾಗುವ ಸಿಮೆಂಟು ಬಳಿದು, ಮೇಲೆ ಹೊಳೆಯುವ ಪೇಂಟು ಹಚ್ಚಿ ಮುಗಿಸುತ್ತಾರೆ. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ತೇವ ದಾರಿ ಹುಡುಕುತ್ತ ಮುಂದಿನ ಮಳೆಗಾಲದ ಹೊತ್ತಿಗೆ ಒಂದಡಿ ಮೇಲೆ ಹೊರಬರುತ್ತದೆ, ಮನೆಯವರು ಹಿಂದಿನ ವರ್ಷದ ಪ್ಲಂಬರ್‌ಗೆ ಫೋನು ಮಾಡಿ ಪೈಪು ಮತ್ತೆ ಸೋರುತ್ತಿದೆ ಎನ್ನುತ್ತಾರೆ.